ಬಾಬರನು ಕಂಡ ಅರಸುತನ

ಅರಸರ ಚರಿತ್ರೆಯನ್ನು ಬಹುಮಟ್ಟಿಗೆ ಅರಸರ ಅನ್ನವನ್ನುಂಡವರೇ ಬರೆದಿದ್ದಾರೆ. ಹಳೆಯ ಪ್ರಶಸ್ತಿಗಳನ್ನು ತೆಗೆದು ನೋಡಿದರೆ ಸೋತ ದೊರೆಯು ಕಣ್ಣಿಗೆ ಬೀಳುವುದೇ ಅಪರೂಪ. ಇಬ್ಬರು ಕಾದಿದ ಕಡೆ ಇಬ್ಬರ ಹೊಗಳುಭಟರೂ ತಂತಮ್ಮ ಒಡೆಯನ ಕೊರಳಿಗೇ ಜಯಮಾಲೆಯನ್ನು ಹಾಕಿರುವುದುಂಟು. ಹೀಗಿರಲು, ತನ್ನ ಕಥೆಯನ್ನು ತಾನೇ ಬರೆದು, ಗೆದ್ದುದರ ಪಕ್ಕದಲ್ಲಿಯೇ ಸೋತುದನ್ನೂ, ಮೆರೆದುದರ ಪಕ್ಕದಲ್ಲಿಯೇ ಅತ್ತುದನ್ನೂ, ಕ್ಷಮಿಸಿದುದರ ಪಕ್ಕದಲ್ಲಿಯೇ ಕೊಲ್ಲಿಸಿದುದನ್ನೂ ಬರೆದಿಟ್ಟ ದೊರೆಯೊಬ್ಬನು ದೊರೆತರೆ, ಚರಿತ್ರೆಯನ್ನು ಓದುವವರಿಗೆ ಅದಕ್ಕಿಂತ ಹೆಚ್ಚಿನ ಲಾಭವಿಲ್ಲ. ಮೊಗಲ್ ವಂಶದ ಮೂಲಪುರುಷನಾದ ಜಹೀರುದ್ದೀನ್ ಮಹಮ್ಮದ್ ಬಾಬರನು ಅಂಥ ದೊರೆ.

ಅವನು ತನ್ನ ಮನೆಮಾತಾದ ಚಗತಾಯಿ ತುರ್ಕಿಯಲ್ಲಿ ಬರೆದ ಗ್ರಂಥಕ್ಕೆ ಬಾಬರ್‌ನಾಮಾ ಎಂದು ಹೆಸರು. ಅವನ ಮೊಮ್ಮಗನಾದ ಅಕ್ಬರನ ಆಸ್ಥಾನದಲ್ಲಿ ಅಬ್ದುಲ್ ರಹೀಮ್ ಖಾನಖಾನನು ಅದನ್ನು ಪಾರಸಿಗೆ ತಿರುಗಿಸಿ ೧೫೮೯ರಲ್ಲಿ ಚಕ್ರವರ್ತಿಗೆ ಒಪ್ಪಿಸಿದನು. ೧೮೨೬ರಲ್ಲಿ ಲೇಡನ್ ಮತ್ತು ಅರ್ಸ್‌ಕಿನ್ ಎಂಬ ವಿದ್ವಾಂಸರ ಇಂಗ್ಲಿಷ್ ಅನುವಾದವು ಹೊರಬಿದ್ದಿತು. ಮುಂದೆ ಬೆವೆರಿಜ್ ಎಂಬ ವಿದುಷಿಯು ಮೂಲ ತುರ್ಕಿಯಿಂದಲೇ ಅದನ್ನು ಅನುವಾದಿಸಿದಳು. ಈ ಗ್ರಂಥದಲ್ಲಿ ಬಾಬರನು ರಾಜನೀತಿಯನ್ನು ಕುರಿತು ಪ್ರತ್ಯೇಕವಾಗಿ ಒಂದು ಅಧ್ಯಾಯವನ್ನು ಬರೆದಿಲ್ಲ. ನಾಯಕನು ಹೇಗಿರಬೇಕು, ರಾಜ್ಯದಾಸೆ ಎಲ್ಲಿಯವರೆಗೆ ತಕ್ಕುದು, ಧೈರ್ಯವೆಂದರೇನು, ದೈವವನ್ನು ನಂಬುವುದೆಂದರೇನು ಎಂಬ ವಿಷಯಗಳಲ್ಲಿ ಅವನ ಅಭಿಪ್ರಾಯಗಳು ಆಯಾ ಪ್ರಸಂಗಗಳೊಡನೆ ಹೆಣೆದುಕೊಂಡು ಬಂದಿವೆ. ಅವುಗಳನ್ನು ಬಿಡಿಸಿ ನೋಡುವುದು ಈ ಭಾಷಣದಲ್ಲಿ ನಮ್ಮ ಉದ್ದೇಶ. ಅವನನ್ನು ದೇವರೆಂದು ಪೂಜಿಸುವುದಾಗಲಿ, ಅವನನ್ನು ಕೇವಲ ದಾಳಿಕಾರನೆಂದು ಹೇಳಿ ಪುಸ್ತಕವನ್ನು ಮುಚ್ಚುವುದಾಗಲಿ ನಮ್ಮ ಕೆಲಸವಲ್ಲ. ಅವನು ತಾನೇ ತನ್ನ ಮೇಲೆ ನುಡಿದಿರುವ ಸಾಕ್ಷ್ಯವನ್ನು ಕೇಳುವುದಷ್ಟೇ ನಮ್ಮ ಕೆಲಸ.

ಬಾಬರನು ಹುಟ್ಟಿದುದು ೧೪೮೩ರ ಫೆಬ್ರವರಿಯಲ್ಲಿ. ತಂದೆಯ ಕಡೆಯಿಂದ ತೈಮೂರನ ಐದನೆಯ ತಲೆಮಾರಿನವನು. ತಾಯಿಯ ಕಡೆಯಿಂದ ಚಿಂಗೀಸ್ ಖಾನನ ಸಂತತಿಯವನು. ತಂದೆಯಾದ ಉಮರ್ ಷೇಖ್ ಮಿರ್ಜನು ಮಧ್ಯ ಏಷ್ಯದ ಫರ್ಘಾನವೆಂಬ ಚಿಕ್ಕ ಸೀಮೆಯ ಒಡೆಯ. ಆತನಿಗೆ ಪಾರಿವಾಳಗಳೆಂದರೆ ಬಲು ಪ್ರೀತಿ. ೧೪೯೪ರ ಜೂನ್ ತಿಂಗಳಲ್ಲಿ ಅಖ್ಸಿಯ ಕೋಟೆಯಲ್ಲಿ, ಪ್ರಪಾತದ ಅಂಚಿನಲ್ಲಿದ್ದ ಪಾರಿವಾಳದ ಗೂಡಿನ ಕಟ್ಟಡವು ಕುಸಿದು, ಮಿರ್ಜನೂ ಅದರೊಡನೆ ಉರುಳಿ ಸತ್ತನು. ಮಗನು ಹನ್ನೆರಡನೆಯ ವರ್ಷದಲ್ಲಿ ದೊರೆಯಾದನು. ತಂದೆಯ ವಿಷಯದಲ್ಲಿಯೂ ಮಗನ ಲೇಖನಿಯು ದಾಕ್ಷಿಣ್ಯವನ್ನು ಅರಿಯದು: ತಂದೆಯು ಕುಳ್ಳನೆಂದೂ ಸ್ಥೂಲಕಾಯನೆಂದೂ, ಹೊಟ್ಟೆಯನ್ನು ಬಿಗಿಹಿಡಿದು ಅಂಗಿಯ ಕಸೆಗಳನ್ನು ಕಟ್ಟಿಸಿಕೊಂಡು ಆಮೇಲೆ ಉಸಿರು ಬಿಟ್ಟಾಗ ಕಸೆಗಳು ಹರಿದುಹೋಗುತ್ತಿದ್ದುವೆಂದೂ ಬರೆಯುತ್ತಾನೆ. ಇದರಲ್ಲಿ ಅಗೌರವವಿಲ್ಲ. ಕಂಡುದನ್ನು ಕಂಡಂತೆ ಹೇಳುವ ಅಭ್ಯಾಸವು ಅವನ ಹುಟ್ಟುಗುಣವೆಂಬುದಕ್ಕೆ ಇದೊಂದು ನಿದರ್ಶನ.

ಆ ಬಾಲಕನಿಗೆ ರಾಜ್ಯದ ಆಸೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ತೈಮೂರನ ವಂಶದಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟಳೆಯು ಗಟ್ಟಿಯಾಗಿರಲಿಲ್ಲ. ಅಣ್ಣತಮ್ಮಂದಿರೂ ಚಿಕ್ಕಪ್ಪ ಸೋದರಮಾವಂದಿರೂ ಒಬ್ಬರ ನೆಲವನ್ನೊಬ್ಬರು ಕಿತ್ತುಕೊಳ್ಳುವುದೇ ದಿನದ ವ್ಯವಹಾರವಾಗಿತ್ತು. ತೈಮೂರನ ರಾಜಧಾನಿಯಾಗಿದ್ದ ಸಮರಖಂದವು ಅವರೆಲ್ಲರ ಕಣ್ಣಿನಲ್ಲಿ ಚಕ್ರವರ್ತಿತ್ವದ ಕುರುಹು. ೧೪೯೭ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಏಳು ತಿಂಗಳ ಮುತ್ತಿಗೆಯ ಬಳಿಕ ಬಾಬರನು ಆ ನಗರವನ್ನು ಹೊಕ್ಕನು. ಆದರೆ ಮುತ್ತಿಗೆಯಿಂದ ನಗರವು ಬರಿದಾಗಿ ಹೋಗಿತ್ತು. ರೈತರಿಗೆ ಬಿತ್ತನೆಯ ಬೀಜವನ್ನು ದೊರೆಯೇ ಕೊಡಬೇಕಾದ ಸ್ಥಿತಿಯಿತ್ತು. ಕೊಳ್ಳೆಯ ಆಸೆಯಿಂದ ಬಂದಿದ್ದ ದಂಡಿನವರು ಕೈಗೆ ಏನೂ ಸಿಕ್ಕದೆ ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು. ಅಷ್ಟರಲ್ಲಿ ಹುಟ್ಟೂರಾದ ಅಂದಿಜಾನದಲ್ಲಿ ಸರದಾರರು ತಮ್ಮನ ಹೆಸರಿನಲ್ಲಿ ದಂಗೆಯೆದ್ದರು. ಅದನ್ನು ಉಳಿಸಿಕೊಳ್ಳಲು ಬಾಬರನು ಸಮರಖಂದವನ್ನು ಬಿಟ್ಟು ಹೊರಟನು. ದಾರಿಯಲ್ಲಿಯೇ ಅಂದಿಜಾನವು ಕೈಬಿಟ್ಟುಹೋದ ಸುದ್ದಿ ಬಂದಿತು. ಇತ್ತ ಸಮರಖಂದವೂ ಹೋಯಿತು. ಜೊತೆಯಲ್ಲಿ ಉಳಿದವರು ಇನ್ನೂರರಿಂದ ಮುನ್ನೂರು ಮಂದಿ. ತನಗೆ ತಡೆಯಲಾರದಷ್ಟು ಅಳು ಬಂದಿತೆಂದು ದೊರೆಯು ಮುಂದೆ ಬರೆದಿಡುತ್ತಾನೆ.

ಈ ಪಾಠವು ಬಾಬರನ ಮನಸ್ಸಿನಲ್ಲಿ ಎರಡು ರೀತಿಯಾಗಿ ನಾಟಿತು. ದಂಡಿನವನಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದ ಒಡೆಯನ ಜಯವು ಜಯವಲ್ಲವೆಂಬುದು ಮೊದಲನೆಯದು. ದೂರದ ಕೀರ್ತಿಗಾಗಿ ಕೈಯಲ್ಲಿರುವ ನೆಲವನ್ನು ಮರೆತವನು ಎರಡನ್ನೂ ಕಳೆದುಕೊಳ್ಳುವನೆಂಬುದು ಎರಡನೆಯದು. ಮೊದಲನೆಯದನ್ನು ಅವನು ಮತ್ತೆಂದೂ ಮರೆಯಲಿಲ್ಲ. ಎರಡನೆಯದನ್ನು ಮಾತ್ರ ಪಾಲಿಸಲಾರದೆ ಹೋದನು. ೧೫೦೦ರಲ್ಲಿ ಕೇವಲ ಇನ್ನೂರ ನಲವತ್ತು ಮಂದಿಯೊಡನೆ ರಾತ್ರಿಯ ಹೊತ್ತು ಏಣಿಗಳನ್ನು ಚಾಚಿ ಸಮರಖಂದವನ್ನು ಮತ್ತೆ ಹಿಡಿದನು. ಉಜ್ಬೇಕರ ನಾಯಕನೂ ಅವನ ಆಯುಷ್ಯದ ಮುಖ್ಯ ವೈರಿಯೂ ಆದ ಷೈಬಾನಿ ಖಾನನ ಕೈಯಿಂದ ಕಿತ್ತುಕೊಂಡ ನಗರವದು. ಈ ಸಾಹಸವನ್ನು ಹೇಳುವಾಗ ಹಿಗ್ಗು ಉಕ್ಕಿ ಬರುತ್ತದೆ. ಹಿಂದೆ ಸುಲ್ತಾನ್ ಹುಸೇನ್ ಮಿರ್ಜನು ಹಿರಾತವನ್ನು ಹಿಡಿದುದಕ್ಕಿಂತ ತನ್ನ ಕಾರ್ಯವು ದೊಡ್ಡದೆಂದು ಕಾರಣಗಳನ್ನು ಕೊಟ್ಟು ವಾದಿಸುತ್ತಾನೆ.

ಆದರೆ ಮರುವರ್ಷದ ಸೋಲನ್ನು ಹೇಳುವಾಗಲೂ ಅದೇ ಸ್ಪಷ್ಟತೆಯುಂಟು. ೧೫೦೧ರಲ್ಲಿ ಸರಿಪುಲ್ ಎಂಬಲ್ಲಿ ಷೈಬಾನಿ ಖಾನನು ಎದುರಾದನು. ಬಾಬರನಿಗೆ ನೆರವಿನ ದಂಡುಗಳು ಬರುವುದರಲ್ಲಿದ್ದವು. ಇನ್ನು ಕೆಲವು ದಿನ ಕಾದಿದ್ದರೆ ಬಲವು ಹೆಚ್ಚುತ್ತಿತ್ತು. ಅವನು ಕಾಯಲಿಲ್ಲ. ಕಾರಣವನ್ನು ಅವನೇ ಹೇಳುತ್ತಾನೆ: ಎಂಟು ನಕ್ಷತ್ರಗಳ ಒಂದು ಗುಂಪು ಆ ದಿನ ಎರಡು ಸೇನೆಗಳ ನಡುವೆ ಇದ್ದಿತು, ಆ ದಿನ ತಪ್ಪಿದರೆ ಅದು ಮುಂದೆ ಹದಿಮೂರು ಹದಿನಾಲ್ಕು ದಿನ ಶತ್ರುವಿಗೆ ಅನುಕೂಲವಾಗುತ್ತಿತ್ತು. ಈ ಲೆಕ್ಕವನ್ನು ನಂಬಿ ಆತುರಪಟ್ಟು ಕಾದಿ ಸೋತನು. ಆ ಲೆಕ್ಕಗಳಿಗೆ ಯಾವ ಬೆಲೆಯೂ ಇಲ್ಲವೆಂದೂ ತನ್ನ ಆತುರಕ್ಕೆ ಅರ್ಥವಿರಲಿಲ್ಲವೆಂದೂ ಬರೆಯುತ್ತಾನೆ. ಸೋಲಿನ ಹೊಣೆಯನ್ನು ಸರದಾರರ ಮೇಲೆಯೋ ದೈವದ ಮೇಲೆಯೋ ಹೊರಿಸುವುದು ಅವನಿಗೆ ಸುಲಭವಾಗಿತ್ತು. ಹಾಗೆ ಮಾಡದುದರಲ್ಲಿಯೇ ಅವನ ನಾಯಕತ್ವದ ಮೊದಲನೆಯ ಸೂತ್ರವು ನಮಗೆ ಕಾಣುತ್ತದೆ. ದಂಡಿಗೆ ಯಾರು ಮುಂದೋ ತಪ್ಪಿಗೂ ಅವರೇ ಮುಂದು.

ಸೋತು ಬಂದವನನ್ನು ಷೈಬಾನಿ ಖಾನನು ಸಮರಖಂದದೊಳಗೆ ಮುತ್ತಿದನು. ಬಡವರು ನಾಯಿಯ ಮಾಂಸವನ್ನೂ ಕತ್ತೆಯ ಮಾಂಸವನ್ನೂ ತಿನ್ನಬೇಕಾಯಿತು. ಕುದುರೆಗಳಿಗೆ ಮರದ ಎಲೆಗಳನ್ನು ಹಾಕಿದರು. ಕಡೆಗೆ ಬಾಬರನು ತಾಯಿಯನ್ನು ಕರೆದುಕೊಂಡು ರಾತ್ರಿಯಲ್ಲಿ ನಗರವನ್ನು ಬಿಟ್ಟು ಹೊರಟನು. ಅಕ್ಕನಾದ ಖಾನ್‌ಜಾದಾ ಬೇಗಮಳು ಷೈಬಾನಿ ಖಾನನ ವಶವಾದಳು. ಇಲ್ಲಿ ಶ್ರೋತೃಗಳು ಒಂದು ವಿಷಯವನ್ನು ಗಮನಿಸಬೇಕು. ಹೊರಡುವ ಗಡಿಬಿಡಿಯಲ್ಲಿ ಅಕ್ಕನು ಶತ್ರುವಿನ ಕೈಗೆ ಸಿಕ್ಕಿದಳೆಂದು ಬಾಬರನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಬೇರೆ ಬರಹಗಳನ್ನು ನೋಡಿದರೆ, ತಮ್ಮನು ಜೀವಸಹಿತ ಹೊರಬೀಳುವುದಕ್ಕಾಗಿ ಅವಳನ್ನು ಖಾನನಿಗೆ ಮದುವೆ ಮಾಡಿಕೊಡಲಾಯಿತೆಂದು ತೋರುತ್ತದೆ. ಬಾಬರನ ಮಗಳಾದ ಗುಲ್ಬದನ್ ಬೇಗಮಳು ಬರೆದಿರುವುದೂ ಹೀಗೆಯೇ. ತಾನು ಅತ್ತುದನ್ನೂ ಸೋತುದನ್ನೂ ಮುಚ್ಚಿಡದ ಲೇಖನಿಯು ಇಲ್ಲಿ ಮಾತ್ರ ಅವಸರಪಡುತ್ತದೆ. ಎಷ್ಟೇ ಸತ್ಯವಂತನಾದರೂ ಮನುಷ್ಯನಿಗೆ ಬರೆಯಲಾಗದ ಸಾಲೊಂದು ಇದ್ದೇ ಇರುತ್ತದೆ. ೧೫೧೦ರಲ್ಲಿ ಇರಾನಿನ ಷಾ ಇಸ್ಮಾಯಿಲನು ಷೈಬಾನಿ ಖಾನನನ್ನು ಕೊಂದ ಮೇಲೆ ಆ ಅಕ್ಕನು ಹತ್ತು ವರ್ಷಗಳ ಬಳಿಕ ತಮ್ಮನ ಬಳಿಗೆ ಹಿಂತಿರುಗಿದಳು.

ರಾಜ್ಯವಿಲ್ಲದ ಈ ದೊರೆಯು ಕೆಲವು ಕಾಲ ದಿಖ್‌ಕತ್ ಎಂಬ ಬೆಟ್ಟದ ಹಳ್ಳಿಯಲ್ಲಿ ಅಲ್ಲಿಯ ಮುಖಂಡನ ಮನೆಯಲ್ಲಿ ಇದ್ದನು. ಬರಿಗಾಲಿನಲ್ಲಿ ಬೆಟ್ಟಗಳನ್ನು ಸುತ್ತಿ ಸುತ್ತಿ ಕಾಲಿಗೆ ಕಲ್ಲುಮುಳ್ಳಿನ ಭೇದವೇ ತಿಳಿಯದಂತಾಯಿತಂತೆ. ಆ ಮನೆಯಲ್ಲಿ ನೂರ ಹನ್ನೊಂದು ವರ್ಷದ ಮುದುಕಿಯೊಬ್ಬಳಿದ್ದಳೆಂದು ಹೇಳುತ್ತಾನೆ. ತೈಮೂರನು ಹಿಂದೂಸ್ಥಾನದ ಮೇಲೆ ದಂಡೆತ್ತಿ ಹೋದಾಗ ಅವಳ ನೆಂಟನೊಬ್ಬನು ಆ ದಂಡಿನಲ್ಲಿದ್ದನು; ಅವಳು ಆ ಕಥೆಯನ್ನು ನೆನಪಿಟ್ಟುಕೊಂಡು ಹೇಳುತ್ತಿದ್ದಳು. ಹಿಂದೂಸ್ಥಾನದ ಆಸೆಯು ಆ ಒಲೆಯ ಮುಂದೆಯೇ ಚಿಗುರಿತೆಂದು ಹೇಳಿಬಿಟ್ಟರೆ ಕಥೆಗೆ ಸೊಗಸು. ಚರಿತ್ರೆಗೆ ಅದು ಸಲ್ಲದು. ಕಾಬೂಲು ಕೈಸೇರಿದಂದಿನಿಂದ ತನಗೆ ಆ ಬಯಕೆ ಇದ್ದಿತೆಂದು ಅವನೇ ಹೇಳುತ್ತಾನೆ.

ಕಾಬೂಲನ್ನು ಅವನು ಹಿಡಿದುದು ೧೫೦೪ರಲ್ಲಿ. ಧೈರ್ಯವನ್ನು ಕುರಿತು ಅವನ ಭಾವನೆಯು ಏನೆಂಬುದು ಇದಾದ ಎರಡು ವರ್ಷಗಳ ಮೇಲೆ ನಡೆದ ಒಂದು ಪ್ರಯಾಣದಿಂದ ಚೆನ್ನಾಗಿ ತಿಳಿದುಬರುತ್ತದೆ. ೧೫೦೬ರ ಕೊನೆಯಲ್ಲಿ ಹಿರಾತದಿಂದ ಕಾಬೂಲಿಗೆ ಹಿಂತಿರುಗುವಾಗ ಅವನು ಬೆಟ್ಟದ ಅಡ್ಡದಾರಿಯನ್ನು ಹಿಡಿದನು. ದಾರಿಯೆಲ್ಲ ಹಿಮದಲ್ಲಿ ಹೂತುಹೋಗಿತ್ತು. ಸುಮಾರು ಒಂದು ವಾರ ಹಿಮವನ್ನು ತುಳಿದು ದಾರಿಮಾಡುತ್ತ ಸಾಗಬೇಕಾಯಿತು. ದಿನಕ್ಕೆ ಒಂದೆರಡು ಹರಿದಾರಿ ನಡೆದರೆ ಹೆಚ್ಚು. ಎದೆಯುದ್ದದ ಹಿಮವನ್ನು ತುಳಿಯಲು ಮುಂದಾದವರು ಹತ್ತು ಹದಿನೈದು ಮಂದಿ. ಅವರಲ್ಲಿ ದೊರೆಯೂ ಒಬ್ಬನು. ಉಳಿದ ದಂಡು, ಹೆಸರಾಂತ ವೀರರೂ ಸೇರಿ, ಕುದುರೆಯಿಂದ ಇಳಿಯದೆ ತಲೆಯನ್ನು ತಗ್ಗಿಸಿಕೊಂಡು ತುಳಿದ ದಾರಿಯಲ್ಲಿ ಹಿಂದೆ ಬರುತ್ತಿತ್ತು. ಅವರನ್ನು ಬಾಬರನು ಬೈಯಲಿಲ್ಲ, ಅವರಿಗೆ ಆಜ್ಞೆಯನ್ನೂ ಮಾಡಲಿಲ್ಲ. ಅದು ಬಲಾತ್ಕಾರಕ್ಕೆ ತಕ್ಕ ಹೊತ್ತಲ್ಲವೆಂದೂ, ಕೆಚ್ಚುಳ್ಳವನು ಅಂಥ ಕೆಲಸಕ್ಕೆ ತಾನಾಗಿಯೇ ಬರುವನೆಂದೂ ಅವನ ಅಭಿಪ್ರಾಯ.

ಒಂದು ಸಂಜೆ ಬಿರುಗಾಳಿಯ ನಡುವೆ ಅವರು ಒಂದು ಗುಹೆಯನ್ನು ಮುಟ್ಟಿದರು. ಗುಹೆಯು ಚಿಕ್ಕದೆಂದು ತೋರಿತು. ಒಳಗೆ ಬನ್ನಿರೆಂದು ಜನರು ದೊರೆಯನ್ನು ಬೇಡಿಕೊಂಡರು. ಅವನು ಒಪ್ಪಲಿಲ್ಲ. ತನ್ನವರು ಹಿಮದಲ್ಲಿ ನಡುಗುತ್ತಿರುವಾಗ ತಾನು ಬೆಚ್ಚಗೆ ಮಲಗುವುದು ಗಂಡಸುತನವೂ ಅಲ್ಲ, ಸ್ನೇಹವೂ ಅಲ್ಲವೆಂದು ಬಗೆದು, ಗುಹೆಯ ಬಾಯಲ್ಲಿ ಹಿಮವನ್ನು ಅಗೆದು, ನಮಾಜಿನ ಜಮಖಾನೆಯಷ್ಟು ಜಾಗವನ್ನು ಮಾಡಿಕೊಂಡು ಕುಳಿತನು. ತಲೆಯ ಮೇಲೂ ಬೆನ್ನಿನ ಮೇಲೂ ನಾಲ್ಕು ಬೆರಳು ಹಿಮವು ಕೂತಿತು. ಕಿವಿಗೆ ಚಳಿ ಹೊಡೆಯಿತು. ಆಮೇಲೆ ಯಾರೋ ಗುಹೆಯನ್ನು ಚೆನ್ನಾಗಿ ನೋಡಿ, ಎಲ್ಲರಿಗೂ ಸಾಲುವಷ್ಟು ಸ್ಥಳವಿದೆಯೆಂದು ಕೂಗಿದಾಗ, ಎಲ್ಲರನ್ನೂ ಕರೆದುಕೊಂಡು ತಾನೂ ಒಳಹೊಕ್ಕನು. ಇದರಲ್ಲಿ ಕತ್ತಿಯ ಮಾತಿಲ್ಲ, ಶತ್ರುವಿನ ಮಾತಿಲ್ಲ. ಧೈರ್ಯವೆಂದರೆ ಭಯವಿಲ್ಲದಿರುವುದೆಂದು ಬಾಬರನು ಎಲ್ಲಿಯೂ ಹೇಳುವುದಿಲ್ಲ. ಜೊತೆಯವರ ಕಷ್ಟದಿಂದ ತನ್ನನ್ನು ಬೇರ್ಪಡಿಸಿಕೊಳ್ಳದಿರುವುದೇ ಅವನ ಮಟ್ಟಿಗೆ ಧೈರ್ಯ. ಈ ಪ್ರಯಾಣವು ಮುಗಿದು ಕಾಬೂಲನ್ನು ಮುಟ್ಟಿದಾಗ ಅಲ್ಲಿ ನೆಂಟರೇ ದಂಗೆಯೆದ್ದಿದ್ದರು. ಅವರನ್ನು ಸೋಲಿಸಿ, ಹಾಸಿಗೆಯ ನಡುವೆ ಅವಿತುಕೊಂಡಿದ್ದ ಮುಖಂಡನನ್ನು ಹಿಡಿದು ತಂದಾಗಲೂ, ಅವನನ್ನು ಕೊಲ್ಲಿಸದೆ ಬಿಟ್ಟುಕೊಟ್ಟನು.

ಹಿಮದಲ್ಲಿ ಕುಳಿತ ಈ ಚಿತ್ರವನ್ನು ನೋಡಿ ಮೆಚ್ಚಿದ ನಾವು ಪುಟಗಳನ್ನು ಇನ್ನೂ ಮುಂದಕ್ಕೆ ತಿರುವಬೇಕು. ೧೫೧೯ರ ಜನವರಿಯಲ್ಲಿ ಬಾಬರನು ಬಜೌರದ ಕೋಟೆಯನ್ನು ಮುತ್ತಿದನು. ಅಲ್ಲಿಯ ಜನರು ಕೋವಿಯನ್ನು ಅದುವರೆಗೆ ಕಂಡವರಲ್ಲ. ಮೊದಲು ಅದರ ಸದ್ದನ್ನು ಕೇಳಿ ಅಣಕಿಸಿದರು. ಕೋಟೆಯು ಬಿದ್ದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಸಿ, ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು, ತಲೆಗಳನ್ನು ಕಂಬದಂತೆ ಪೇರಿಸಲು ಅಪ್ಪಣೆ ಮಾಡಿದನು. ಇದನ್ನು ಯಾವ ವೈರಿಯೂ ಬರೆದುದಲ್ಲ, ಅವನೇ ಬರೆದುದು. ಸರಿಪುಲ್ಲಿನ ಆತುರಕ್ಕೆ ಮರುಗಿದಂತೆ ಇಲ್ಲಿ ಅವನು ಮರುಗುವುದಿಲ್ಲ. ಜೊತೆಯವರ ಚಳಿಯು ಅವನ ಮೈಗೆ ತಟ್ಟಿತು. ಎದುರಿನವರ ಸಾವು ತಟ್ಟಲಿಲ್ಲ. ಅವನ ಸ್ನೇಹಧರ್ಮಕ್ಕೆ ಒಂದು ಎಲ್ಲೆಯಿತ್ತು, ಆ ಎಲ್ಲೆಯು ಪಾಳೆಯದ ಬೇಲಿಯವರೆಗೆ ಮಾತ್ರ. ತೈಮೂರನ ಕಾಲದ ರೂಢಿಯೇ ಹಾಗಿತ್ತೆಂಬುದು ನಿಜ. ಆದರೆ ರೂಢಿಯು ಕಾರಣವಾಗಬಲ್ಲದೇ ಹೊರತು ಸಮಾಧಾನವಾಗಲಾರದು.

೧೫೨೬ರ ಏಪ್ರಿಲ್ ತಿಂಗಳಲ್ಲಿ ಪಾಣಿಪತದ ಬಯಲಿನಲ್ಲಿ ಬಾಬರನು ದೆಹಲಿಯ ಸುಲ್ತಾನ ಇಬ್ರಾಹಿಂ ಲೋದಿಯನ್ನು ಎದುರಿಸಿದನು. ಸಿಂಧೂನದಿಯನ್ನು ದಾಟುವಾಗ ಎಣಿಸಿದಂತೆ ಅವನ ಕಡೆಯವರು, ಆಳುಕಾಳುಗಳೂ ಸೇರಿ, ಹನ್ನೆರಡು ಸಾವಿರ. ಎದುರಿನ ದಂಡು ಒಂದು ಲಕ್ಷವೆಂದೂ ಆನೆಗಳು ಸಾವಿರದಷ್ಟೆಂದೂ ಅವನ ಅಂದಾಜು. ಗೆದ್ದವನ ಲೆಕ್ಕವಾದುದರಿಂದ ಇದನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಏಳುನೂರು ಬಂಡಿಗಳನ್ನು ತಂದು, ಹಸಿಯ ಚರ್ಮದ ಹಗ್ಗಗಳಿಂದ ಒಂದಕ್ಕೊಂದನ್ನು ಬಿಗಿದು, ನಡುನಡುವೆ ಮರೆಗಳನ್ನಿಟ್ಟು, ಅವುಗಳ ಹಿಂದೆ ಕೋವಿಯವರನ್ನು ನಿಲ್ಲಿಸಿದನು; ತುರುಕರು ರೂಮಿನಲ್ಲಿ ಅನುಸರಿಸುತ್ತಿದ್ದ ಕ್ರಮವಿದು. ಪಕ್ಕಗಳಿಂದ ಹೊರಟ ಕುದುರೆಸವಾರರು ಶತ್ರುವಿನ ಬೆನ್ನಿಗೆ ಬಂದು ಬಾಣಗಳನ್ನು ಸುರಿಸಿದರು. ಹೊತ್ತೇರಿ ಆರಂಭವಾದ ಕಾಳಗವು ನಡುಹಗಲಿಗೆ ಮುಗಿಯಿತು. ಸುಲ್ತಾನನು ರಣದಲ್ಲಿಯೇ ಮಡಿದನು. ಬಾಬರನು ಇಬ್ರಾಹಿಮನನ್ನು ತೂಗಿರುವ ರೀತಿಯಲ್ಲಿ ಅವನ ನಾಯಕತ್ವದ ಭಾವನೆಯು ಹುದುಗಿದೆ. ಇಬ್ರಾಹಿಮನು ಅನುಭವವಿಲ್ಲದ ಯುವಕ; ಕ್ರಮವಿಲ್ಲದೆ ನಡೆದನು, ಕ್ರಮವಿಲ್ಲದೆ ನಿಂತನು; ಎಲ್ಲಕ್ಕಿಂತ ಮಿಗಿಲಾಗಿ, ಹಣವನ್ನು ಕೂಡಿಡುವುದರಲ್ಲಿ ಮಗ್ನನಾಗಿ ದಂಡಿನವರಿಗೆ ಬಿಚ್ಚಲಿಲ್ಲ. ಹದಿನಾಲ್ಕರ ಹುಡುಗನು ಬರಿದಾದ ಸಮರಖಂದದಲ್ಲಿ ಕಲಿತ ಪಾಠವೇ ಇದು. ಆಗ್ರದ ಭಂಡಾರವು ಕೈಗೆ ಬಂದಾಗ ಅವನು ಅದನ್ನು ಕೂಡಿಡಲಿಲ್ಲ. ಮಗ ಹುಮಾಯೂನನಿಗೆ ಎಪ್ಪತ್ತು ಲಕ್ಷ, ಸರದಾರರಿಗೆ ಆರರಿಂದ ಹತ್ತು ಲಕ್ಷದವರೆಗೆ, ಕಾಬೂಲಿನಲ್ಲಿದ್ದ ಪ್ರತಿಯೊಬ್ಬ ಹೆಂಗಸು ಗಂಡಸಿಗೂ ಒಂದೊಂದು ಬೆಳ್ಳಿಯ ನಾಣ್ಯ, ಹೀಗೆ ಹಂಚಿದನು.

ಗೆಲ್ಲುವುದಕ್ಕಿಂತ ನಿಲ್ಲುವುದು ಕಷ್ಟವಾಯಿತು. ಆ ವರ್ಷದ ಬೇಸಗೆಯು ಬಲು ಕಠಿನವಾಗಿತ್ತು. ತಂಪಾದ ನಾಡಿನಿಂದ ಬಂದವರು ಬಿಸಿಗಾಳಿಗೆ ಸಿಕ್ಕಿ ಒಟ್ಟೊಟ್ಟಿಗೆ ಸಾಯತೊಡಗಿದರು. ಕೊಳ್ಳೆಯೊಡನೆ ಕಾಬೂಲಿಗೆ ಹಿಂತಿರುಗೋಣವೆಂದು ಸರದಾರರು ಗೊಣಗಿದರು. ಬಾಬರನು ಸಭೆಯನ್ನು ಸೇರಿಸಿ ಮಾತನಾಡಿದನು. ಸಾಧನಸಾಮಗ್ರಿಗಳಿಲ್ಲದೆ ಸಾಮ್ರಾಜ್ಯವಿಲ್ಲ, ನೆಲವೂ ಪರಿವಾರವೂ ಇಲ್ಲದೆ ದೊರೆತನವಿಲ್ಲ. ಎಷ್ಟೋ ವರ್ಷ ಬೆವರನ್ನೂ ನೆತ್ತರನ್ನೂ ಸುರಿಸಿ ಪಡೆದುದನ್ನು ಕಾರಣವಿಲ್ಲದೆ ಬಿಟ್ಟು ಕಾಬೂಲಿನ ಬಡತನಕ್ಕೆ ಮರಳುವುದೇಕೆ? ತನ್ನ ಹಿತವನ್ನು ಬಯಸುವವರು ಇನ್ನು ಈ ಮಾತನ್ನೆತ್ತಬಾರದು, ಇರಲಾರದವರು ಹೋಗಬಹುದು. ಅವನ ಮಾತಿನ ತಾತ್ಪರ್ಯವು ಇಷ್ಟು. ಆಪ್ತಮಿತ್ರನಾದ ಖ್ವಾಜಾ ಕಲಾನನು ಹೊರಟೇಹೋದನು. ಹೋಗುವಾಗ ಹಿಂದೂಸ್ಥಾನವನ್ನು ಮತ್ತೆ ನೋಡಲೊಲ್ಲೆನೆಂಬ ಅರ್ಥದ ಪದ್ಯವೊಂದನ್ನು ಮನೆಯ ಗೋಡೆಯ ಮೇಲೆ ಬರೆಸಿದನಂತೆ. ಬಾಬರನಿಗೆ ಕೋಪ ಬಂದಿತು. ಆದರೂ ಮಿತ್ರನನ್ನು ತಡೆಯಲಿಲ್ಲ, ಗಜನಿಯನ್ನು ಅವನಿಗೆ ಜಹಗೀರಾಗಿ ಕೊಟ್ಟು ಕಳುಹಿಸಿದನು. ಹಿಮದ ದಾರಿಯಲ್ಲಿ ಬಲಾತ್ಕರಿಸದವನು ಬಿಸಿಲಿನಲ್ಲಿಯೂ ಬಲಾತ್ಕರಿಸಲಿಲ್ಲ.

ಇನ್ನು ದೈವಶ್ರದ್ಧೆಯ ವಿಷಯ. ಮೇವಾಡದ ರಾಣಾ ಸಂಗನು ದೊಡ್ಡ ಸೇನೆಯೊಡನೆ ಹೊರಟು ಬಂದಾಗ ಬಾಬರನ ಪಾಳೆಯದಲ್ಲಿ ಭಯವು ಹರಡಿತು. ಆ ಹೊತ್ತಿಗೆ ಸರಿಯಾಗಿ ಕಾಬೂಲಿನಿಂದ ಬಂದ ಮಹಮ್ಮದ್ ಷರೀಫನೆಂಬ ಜೋಯಿಸನು, ಕುಜನು ಪಶ್ಚಿಮದಲ್ಲಿರುವುದರಿಂದ ಈ ಕಡೆಯಿಂದ ಕಾದುವವರಿಗೆ ಸೋಲು ಖಂಡಿತವೆಂದು ಕಂಡಕಂಡವರಿಗೆಲ್ಲ ಹೇಳತೊಡಗಿದನು. ಇಪ್ಪತ್ತಾರು ವರ್ಷಗಳ ಹಿಂದೆ ನಕ್ಷತ್ರಗಳನ್ನು ನಂಬಿ ಸೋತವನ ಮುಂದೆ ಮತ್ತೆ ನಕ್ಷತ್ರಗಳ ಮಾತು ಬಂದಿತು. ಈ ಸಲ ಅವನು ಕಿವಿಗೊಡಲಿಲ್ಲ. ಯುದ್ಧದ ಸಿದ್ಧತೆಯನ್ನು ನಿಲ್ಲಿಸದೆ, ದಂಡಿನ ಎದೆಗೆ ಬೇರೊಂದು ಆಧಾರವನ್ನು ಹುಡುಕಿದನು.

ಆ ಆಧಾರವು ಅವನ ಸ್ವಂತ ದುರ್ಬಲತೆಯಲ್ಲಿಯೇ ದೊರೆಯಿತು. ಬಾಬರನು ಮದ್ಯಪ್ರಿಯ. ನಲವತ್ತನೆಯ ವಯಸ್ಸಿಗೆ ಬಿಡುವೆನೆಂದು ನಿಶ್ಚಯಿಸಿ, ಆ ವಯಸ್ಸಿಗೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಾಗ, ಇದೇ ಕಾರಣದಿಂದ ಇನ್ನಷ್ಟು ಕುಡಿಯುತ್ತಿದ್ದೆನೆಂದು ನಾಚಿಕೆಯಿಲ್ಲದೆ ಬರೆದಿದ್ದಾನೆ. ಬಿಡದೆಯೇ ನಲವತ್ತು ಕಳೆದಿತ್ತು. ೧೫೨೭ರ ಫೆಬ್ರವರಿಯಲ್ಲಿ, ರಾಣನ ಸೇನೆಯು ಸಮೀಪಿಸುತ್ತಿರುವಾಗ, ಅವನು ಮದ್ಯವನ್ನು ತೊರೆಯುವುದಾಗಿ ಶಪಥ ಮಾಡಿ, ಚಿನ್ನ ಬೆಳ್ಳಿಯ ಪಾನಪಾತ್ರೆಗಳನ್ನು ಒಡೆಸಿ ಬಡಬಗ್ಗರಿಗೆ ಹಂಚಿಸಿದನು. ಸುಮಾರು ಮುನ್ನೂರು ಮಂದಿ ಅವನನ್ನು ಅನುಸರಿಸಿದರು. ಇದ್ದ ಮದ್ಯಕ್ಕೆ ಉಪ್ಪು ಬೆರೆಸಿದರು. ಮುಸಲ್ಮಾನರ ಮೇಲಿದ್ದ ತಮ್ಘಾ ಎಂಬ ಸುಂಕವನ್ನು ಬಿಟ್ಟುಕೊಟ್ಟನು. ಸರದಾರರಿಂದ ಖುರಾನಿನ ಮೇಲೆ ಆಣೆ ಹಾಕಿಸಿದನು. ಮಾರ್ಚಿಯಲ್ಲಿ ಖಾನ್ವಾದ ಬಳಿ ಜಯವು ಅವನದಾಯಿತು. ಆಮೇಲೆ ಜೋಯಿಸನು ಅಭಿನಂದಿಸಲು ಬಂದಾಗ ಮನಸಾರೆ ಬೈದು, ಹಳೆಯ ಸೇವೆಯ ನೆನಪಿಗೆ ಒಂದು ಲಕ್ಷವನ್ನು ಕೊಟ್ಟು, ತನ್ನ ರಾಜ್ಯದಲ್ಲಿ ಇರಬೇಡವೆಂದು ಕಳುಹಿಸಿಬಿಟ್ಟನು.

ಈ ಶಪಥವು ಭಕ್ತಿಯೋ, ಯುಕ್ತಿಯೋ? ನಾವು ಎರಡರಲ್ಲೊಂದನ್ನು ಆರಿಸಬೇಕಾಗಿಲ್ಲ. ಸೇನೆಯ ಎದೆಗುಂದಿರುವಾಗ ಮಾಡಿದ ಶಪಥದಲ್ಲಿ ಯುಕ್ತಿಯಿಲ್ಲವೆಂದರೆ ನಂಬುವುದು ಕಷ್ಟ. ಅದೇ ಕಾಳಗವನ್ನು ಅವನು ಧರ್ಮಯುದ್ಧವೆಂದು ಸಾರಿ ಗಾಜಿಯೆಂಬ ಬಿರುದನ್ನು ಧರಿಸಿದನು. ಇಲ್ಲಿಯೂ ತಲೆಗಳ ಕಂಬವು ಎದ್ದಿತು. ಹಿಂದೆ ೧೫೧೧ರಲ್ಲಿ ಸಮರಖಂದವನ್ನು ಮೂರನೆಯ ಸಲ ಹಿಡಿಯಲು ಷಿಯಾ ಮತದ ಷಾ ಇಸ್ಮಾಯಿಲನ ನೆರವನ್ನು ಪಡೆದು, ಸುನ್ನಿಗಳಾದ ಆ ಊರವರ ವಿಶ್ವಾಸವನ್ನು ಕಳೆದುಕೊಂಡು, ಮರುವರ್ಷವೇ ನಗರವನ್ನೂ ಕಳೆದುಕೊಂಡವನು ಇವನೇ. ಆ ವರ್ಷಗಳ ವೃತ್ತಾಂತವಿರುವ ಪುಟಗಳು ನಮಗೆ ಉಳಿದುಬಂದ ಪ್ರತಿಗಳಲ್ಲಿಲ್ಲ. ಆದರೆ ಶಪಥವು ಬರಿಯ ಯುಕ್ತಿಯಾಗಿದ್ದರೆ ಗೆದ್ದ ಮರುದಿನ ಪಾತ್ರೆಗಳು ಮತ್ತೆ ತುಂಬಬೇಕಾಗಿತ್ತು. ತುಂಬಲಿಲ್ಲ. ಎರಡು ವರ್ಷಗಳವರೆಗೂ ಪಾನಗೋಷ್ಠಿಯ ನೆನಪು ತನ್ನನ್ನು ಅಳುವಷ್ಟು ಕಾಡಿತೆಂದು ಖ್ವಾಜಾ ಕಲಾನನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಆದರೂ ಮಾತು ಮುರಿಯಲಿಲ್ಲ. ಪರರ ಮುಂದೆ ಆಡಿದ ಮಾತನ್ನು ಒಬ್ಬಂಟಿಯಾಗಿರುವಾಗಲೂ ಉಳಿಸಿಕೊಳ್ಳುವುದು, ಶ್ರದ್ಧೆಯೆಂಬುದರಲ್ಲಿ ನಾವು ಪರೀಕ್ಷಿಸಿ ನೋಡಬಹುದಾದ ಭಾಗವಿಷ್ಟೇ.

ಹಿಂದೂಸ್ಥಾನದ ರಾಜ್ಯಗಳನ್ನು ಎಣಿಸುವಾಗ ಬಾಬರನು ನಮ್ಮ ನಾಡಿನ ಕಡೆಗೂ ಕಣ್ಣು ಹಾಯಿಸಿದ್ದಾನೆ. ಹಿಂದೂ ಅರಸರಲ್ಲಿ ನೆಲದಿಂದಲೂ ಸೇನೆಯಿಂದಲೂ ವಿಜಯನಗರದ ರಾಯನೇ ಹಿರಿಯನೆಂದೂ, ದಕ್ಷಿಣದ ಬಹಮನಿ ಸುಲ್ತಾನರಿಗೆ ಅಧಿಕಾರವು ಉಳಿಯದೆ ದೊಡ್ಡ ಸರದಾರರೇ ರಾಜ್ಯವನ್ನು ಹಂಚಿಕೊಂಡಿರುವರೆಂದೂ ಬರೆಯುತ್ತಾನೆ. ಆಗ ವಿಜಯನಗರದ ಸಿಂಹಾಸನದಲ್ಲಿದ್ದವನು ಕೃಷ್ಣದೇವರಾಯ. ಅವನೂ ಲೇಖನಿಯನ್ನು ಹಿಡಿದ ದೊರೆಯೇ. ತನ್ನ ತೆಲುಗು ಕಾವ್ಯವಾದ ಆಮುಕ್ತಮಾಲ್ಯದದಲ್ಲಿ ರಾಜನೀತಿಯನ್ನು ಕ್ರಮವಾಗಿ ಹೇಳಿಸಿದ್ದಾನೆ. ಒಬ್ಬರನ್ನೊಬ್ಬರು ಕಾಣದ ಈ ಸಮಕಾಲೀನರಲ್ಲಿ ರಾಯನು ಅರಸನು ಹೇಗಿರಬೇಕೆಂಬುದನ್ನು ಹೇಳಿದನು. ಬಾಬರನು ಅರಸನಾದವನು ಹೇಗಿದ್ದನೆಂಬುದನ್ನು ಹೇಳಿದನು. ಎರಡೂ ಬೇಕಾದುವೇ.

ಬಾಬರನು ಉಪದೇಶವೆಂದು ಹೇಳಿದುದು ಒಂದು ಕಾಗದದಲ್ಲಿ ಉಂಟು. ೧೫೨೮ರ ನವೆಂಬರಿನಲ್ಲಿ, ಬದಕ್ಷಾನದಲ್ಲಿದ್ದ ಇಪ್ಪತ್ತು ವರ್ಷದ ಮಗ ಹುಮಾಯೂನನಿಗೆ ಬರೆದುದು ಅದು. ಏಕಾಂತದಲ್ಲಿರಬೇಕೆನಿಸುತ್ತದೆಯೆಂದು ಮಗನು ಬರೆದಿದ್ದನು. ದೊರೆತನದಲ್ಲಿ ಏಕಾಂತವೇ ಒಂದು ದೋಷವೆಂದು ತಂದೆಯ ಉತ್ತರ. ಅನುಭವಸ್ಥರೊಡನೆ ಆಲೋಚಿಸು, ತಮ್ಮನಾದ ಕಾಮ್ರಾನನೊಡನೆ ಆರಕ್ಕೆ ಐದರಂತೆ ಪಾಲನ್ನು ಇಟ್ಟುಕೋ, ನಿನ್ನ ಕಾಗದದ ಕಾಗುಣಿತವು ಕೆಟ್ಟಿದೆ, ಅರ್ಥವು ಗೋಜಲಾಗಿದೆ, ಇನ್ನು ಮುಂದೆ ಸರಳವಾಗಿ ಬರೆದರೆ ನಿನಗೂ ಶ್ರಮ ಕಡಿಮೆ, ಓದುವವರಿಗೂ ಶ್ರಮ ಕಡಿಮೆ. ಸಾಮ್ರಾಜ್ಯದ ವಿಷಯವೂ ಕಾಗುಣಿತದ ವಿಷಯವೂ ಒಂದೇ ಕಾಗದದಲ್ಲಿ ಬಂದುದು ವಿನೋದವಾಗಿ ಕಾಣಬಹುದು. ಬಾಬರನಿಗೆ ಅವೆರಡೂ ಒಂದೇ. ಬಾಗಿಲು ಮುಚ್ಚಿಕೊಂಡ ದೊರೆಯೂ ಅರ್ಥವಾಗದಂತೆ ಬರೆಯುವ ದೊರೆಯೂ ಪ್ರಜೆಗಳಿಂದ ಸಮನಾಗಿ ಮರೆಯಾದವರಲ್ಲವೆ?

ಆಸೆಗೆ ಕೊಡಬೇಕಾದ ಬೆಲೆಯನ್ನೂ ಅವನು ಕೊಟ್ಟನು. ಖ್ವಾಜಾ ಕಲಾನನಿಗೆ ೧೫೨೯ರಲ್ಲಿ ಬರೆದ ಅದೇ ಕಾಗದದಲ್ಲಿ, ಯಾರೋ ತಂದುಕೊಟ್ಟ ಖರ್ಬೂಜದ ಹಣ್ಣನ್ನು ಕೊಯ್ದು ತಿನ್ನುವಾಗ ಕಾಬೂಲಿನ ನೆನಪಾಗಿ ಕಣ್ಣೀರು ಸುರಿಯಿತೆಂದು ಬರೆದನು. ಬೇಸಗೆಯ ಸಭೆಯಲ್ಲಿ ಇತರರಿಗೆ ಹಿಂತಿರುಗುವ ಮಾತನ್ನೆತ್ತಬೇಡಿರೆಂದವನೇ ಇವನು. ಹೋದವನಿಗೆ ಊರು ದೊರೆಯಿತು. ನಿಂತವನಿಗೆ ರಾಜ್ಯವು ದೊರೆಯಿತು. ಆ ವರ್ಷದ ಮಳೆಗಾಳಿಯ ರಾತ್ರಿಯೊಂದರಲ್ಲಿ ಗುಡಾರವು ಅವನ ತಲೆಯ ಮೇಲೆಯೇ ಕುಸಿದು ಬರಹದ ಹಾಳೆಗಳೆಲ್ಲ ತೊಯ್ದುಹೋದುವು. ಅವುಗಳನ್ನು ಆಯ್ದು ಬೆಂಕಿಯ ಬಳಿಯಲ್ಲಿ ಬೆಳಗಾಗುವವರೆಗೂ ಒಣಗಿಸುತ್ತ ಕುಳಿತೆವೆಂದು ಬರೆದಿದ್ದಾನೆ. ಅದೇ ಸೆಪ್ಟೆಂಬರಿನಲ್ಲಿ ಗ್ರಂಥವು ನಿಂತುಹೋಗುತ್ತದೆ. ಮುಂದಿನ ಕಥೆಯನ್ನು ಹೇಳಿದವಳು ಮಗಳಾದ ಗುಲ್ಬದನಳು: ಹುಮಾಯೂನನು ಕಾಯಿಲೆಬಿದ್ದಾಗ ತಂದೆಯು ಅವನ ಹಾಸಿಗೆಯನ್ನು ಸುತ್ತಿ ತನ್ನ ಪ್ರಾಣವನ್ನು ಮಗನ ಪ್ರಾಣಕ್ಕೆ ಬದಲಾಗಿ ತೆಗೆದುಕೊಳ್ಳೆಂದು ದೇವರನ್ನು ಬೇಡಿಕೊಂಡನೆಂದು. ೧೫೩೦ರ ಡಿಸೆಂಬರ್ ೨೬ರಂದು ಬಾಬರನು ಆಗ್ರದಲ್ಲಿ ತೀರಿಕೊಂಡನು. ಕೆಲವು ವರ್ಷಗಳ ಮೇಲೆ ಅವನ ದೇಹವನ್ನು ಅವನ ಮೆಚ್ಚಿನ ಕಾಬೂಲಿಗೆ ಕೊಂಡೊಯ್ದು ತೋಟವೊಂದರಲ್ಲಿ ಹೂಳಿದರು.

ಇಂಥವನನ್ನು ನಾವು ಹೇಗೆ ತೂಗಬೇಕು? ಗುಹೆಯ ಬಾಯಲ್ಲಿ ಹಿಮದಲ್ಲಿ ಕುಳಿತವನನ್ನು ಮೆಚ್ಚಿ ಬಜೌರವನ್ನು ಮರೆಯುವುದು ಸರಿಯಲ್ಲ. ಬಜೌರವನ್ನು ನೆನೆದು ಗುಹೆಯನ್ನು ಅಲ್ಲಗಳೆಯುವುದೂ ಸರಿಯಲ್ಲ. ಎರಡನ್ನೂ ನಮಗೆ ತಿಳಿಸಿದವನು ಅವನೇ. ಅವನು ಎಲ್ಲವನ್ನೂ ಬರೆಯಲಿಲ್ಲ. ಅಕ್ಕನ ವಿಷಯದಲ್ಲಿ ಅವನ ಲೇಖನಿಯು ತಡವರಿಸಿತು. ಆದರೂ ತನ್ನ ಮೇಲೆ ತೀರ್ಪನ್ನು ಕೊಡಲು ಬೇಕಾದ ಸಾಮಗ್ರಿಯನ್ನು ಮುಂದಿನವರ ಕೈಗೆ ಇಷ್ಟು ಧಾರಾಳವಾಗಿ ಕೊಟ್ಟುಹೋದ ಅರಸರು ಎಣಿಕೆಗೆ ಸಿಕ್ಕುವಷ್ಟೇ ಮಂದಿ. ಆಳುವವರನ್ನು ಅವರ ಮಾತಿನಿಂದಲೇ ಅಳೆಯುವ ಅಭ್ಯಾಸವು ಯಾವ ಕಾಲದ ಪ್ರಜೆಗಳಿಗೂ ಅವಶ್ಯಕ. ತಮ್ಮ ಗೆಲುವನ್ನು ಹೇಳಿಕೊಳ್ಳುವವರು ಎಂದಿಗೂ ಕಡಿಮೆಯಿಲ್ಲ. ತನ್ನ ಆತುರದಿಂದ ಸೋತೆನೆಂದು ಸ್ವಹಸ್ತದಿಂದ ಬರೆಯಬಲ್ಲವರು ಎಷ್ಟು ಮಂದಿ ಎಂದು ಕೇಳಿಕೊಂಡರೆ, ನಾಯಕರನ್ನು ಆರಿಸಿಕೊಳ್ಳುವ ಬಗೆಯೂ ನಮಗೆ ತಾನಾಗಿಯೇ ಹೊಳೆದೀತು.